ಮೀಸೆ ನೋಡಿ ಕೊಟ್ಟ ಕ್ವಾರ್ಟರ್

(ಅರಸೀಕೆರೆ ಕಡೆಯ ಒಂದು ಊರು. ಸಂಜೆ ಏಳು ಗಂಟೆ. ಮಳೆ ಬಂದು ನಿಂತಿದೆ, ಕರೆಂಟು ಹೋಗಿದೆ. ಜಗಲಿಯ ಮೇಲೆ ಸೋದರಮಾವ. ಹೆದ್ದಾರಿ ಬದಿಯ ಬಾರೊಂದರಲ್ಲಿ 38 ವರ್ಷ ದುಡಿದು, ಕ್ಯಾಷಿಯರ್ ಆಗಿದ್ದು ಬಿಟ್ಟು ಬಂದವರು. ಎದುರಿಗೆ ಅಕ್ಕನ ಮಗಳು. ವಯಸ್ಸು 20, ಬೆಂಗಳೂರಿನಲ್ಲಿ ಕಾನೂನು ಓದುತ್ತಿದ್ದಾಳೆ. ಎಂಟನೇ ಕ್ಲಾಸಿನ ಅವಳ ತಮ್ಮ, ಮಾವನಿಗೆ ಸೋಡಾ ತರಲು ಅಂಗಡಿಗೆ ಹೋಗಿದ್ದಾನೆ.)

ಹುಡುಗಿ: ಮಾವ, ಒಂದು ಕೇಳ್ಲಾ? ಬೈಬಾರದು.

ಮಾವ: ಬೈಯೋದು ನಿಮ್ಮಮ್ಮನ ಕೆಲಸ. ಕೇಳು.

ಹುಡುಗಿ: ಬಾರಲ್ಲಿ ಗಲ್ಲಾ ಮೇಲೆ ಕೂತಿದ್ರಲ್ಲ ಅಷ್ಟು ವರ್ಷ, ಬಂದವರಲ್ಲಿ ಯಾರಿಗಾದ್ರೂ ‘ನಿನಗೆ ಎಷ್ಟು ವಯಸ್ಸಪ್ಪಾ’ ಅಂತ ಕೇಳಿದ್ದೀರಾ?

ಮಾವ: ಕೇಳಿದ್ದೀನಿ. ಒಬ್ಬರು ಮುದುಕರನ್ನ. ಮೆಟ್ಟಿಲು ಹತ್ತೋಕಾಗದೆ ಸಪ್ಲೈಯರ್ ಹೆಗಲು ಹಿಡ್ಕೊಂಡು ಒಳಗೆ ಬಂದ್ರು. 84 ಅಂದ್ರು. ಮಿಕ್ಕೋರನ್ನ ಕೇಳೋಕೆ ಪುರುಸೊತ್ತೆಲ್ಲಿತ್ತು? ಯಾಕೆ, ಈಗ ನೀನು ನನ್ನ ಮೇಲೆ ಕೇಸು ಹಾಕ್ತೀಯಾ?

ಹುಡುಗಿ: ಕಾಲೇಜಲ್ಲಿ ಮುಂದಿನ ವಾರ ಚರ್ಚೆ ಇದೆ. ಕುಡಿಯೋ ವಯಸ್ಸು 21ರಿಂದ 18ಕ್ಕೆ ಇಳಿಸಬೇಕೋ ಬೇಡವೋ ಅಂತ. ಚೀಟಿ ಎತ್ತಿದಾಗ ನನಗೆ ‘ಇಳಿಸಬೇಕು’ ಬಂತು.

ಮಾವ: ಚೀಟಿಯಲ್ಲಿ ಬಂದದ್ದೋ, ಮನಸ್ಸಲ್ಲಿ ಇದ್ದದ್ದೋ?

ಹುಡುಗಿ: ಎರಡೂ ಅನ್ನಿ.

ಮಾವ: ಹಾಗಾದ್ರೆ ನಿನ್ನ ವಾದ ಏನು, ಮೊದಲು ಅದನ್ನ ಹೇಳು. ಬಾರಿಗೆ ಬಂದವನು ಕೂತ ತಕ್ಷಣ ಆರ್ಡರ್ ಹೇಳಬೇಕು, ಮೆನು ಓದ್ತಾ ಕೂರಬಾರದು.

ಹುಡುಗಿ: 18ಕ್ಕೆ ನಾನು ಓಟು ಹಾಕಬಹುದು. ಸಂವಿಧಾನದ 61ನೇ ತಿದ್ದುಪಡಿ ಬಂದು, 1989ರಿಂದ ಓಟಿನ ವಯಸ್ಸು 21ರಿಂದ 18ಕ್ಕೆ ಇಳೀತು. 18ಕ್ಕೆ ನನ್ನ ಹೆಸರಲ್ಲಿ ಜಮೀನು ನೋಂದಾಯಿಸಿಕೊಳ್ಳಬಹುದು, ಕಾರು ಓಡಿಸಬಹುದು, ಹುಡುಗಿಯಾಗಿದ್ರೆ ಮದುವೆನೂ ಆಗಬಹುದು. ಅಗ್ನಿವೀರರಾಗಿ ಸೇನೆ ಸೇರೋದಕ್ಕಂತೂ ಹದಿನೇಳೂವರೆ ಸಾಕು. ತಪ್ಪು ಮಾಡಿದ್ರೆ 18ಕ್ಕೆ ದೊಡ್ಡವರ ಜೈಲು. ಇಷ್ಟೆಲ್ಲಕ್ಕೂ ಬುದ್ಧಿ ಬಂದಿದೆ ಅಂತ ಒಪ್ಪಿಕೊಳ್ಳೋ ಸರ್ಕಾರ, ಒಂದು ಬಿಯರ್ ಮುಂದೆ ಮಾತ್ರ ‘ಮಗು’ ಅಂದ್ರೆ ಹೇಗೆ?

ಮಾವ: ಚೆನ್ನಾಗಿದೆ. ಆದ್ರೆ ಎಂ.ಎಲ್.ಎ. ಆಗೋಕೆ ಎಷ್ಟಾಗಿರಬೇಕು?

ಹುಡುಗಿ: 25.

ಮಾವ: ರಾಷ್ಟ್ರಪತಿ?

ಹುಡುಗಿ: 35.

ಮಾವ: ನೋಡು, ಒಂದೊಂದು ಕೆಲಸಕ್ಕೆ ಒಂದೊಂದು ವಯಸ್ಸು ನಿನ್ನ ಸಂವಿಧಾನದಲ್ಲೇ ಇದೆ. ಎಲ್ಲದಕ್ಕೂ ಒಂದೇ ಗೇಟು ಅಂತ ಯಾರು ಹೇಳಿದ್ರು? ಇನ್ನೊಂದು. ಓಟು ತಪ್ಪು ಹಾಕಿದ್ರೆ ಐದು ವರ್ಷಕ್ಕೆ ಸರಿಮಾಡಿಕೊಳ್ಳಬಹುದು. ಇದು ಹಾಗಲ್ಲ. ಬೇಗ ಶುರು ಮಾಡಿದವನು ಬೇಗ ಬಿಡಲ್ಲ. ಇದನ್ನ ಹೇಳೋಕೆ ಡಾಕ್ಟರೇ ಬೇಕಿಲ್ಲ, ನಮ್ಮ ಬಾರಿನ ಉದ್ರಿ ಪುಸ್ತಕ ನೋಡಿದ್ರೆ ಸಾಕಿತ್ತು.

ಹುಡುಗಿ: ಡಾಕ್ಟರೂ ಅದನ್ನೇ ಹೇಳ್ತಾರೆ. ಮೆದುಳಿನ ಮುಂಭಾಗ, ಅಂದ್ರೆ ‘ಸಾಕು, ಏಳು’ ಅಂತ ಹೇಳೋ ಭಾಗ, ಪೂರ್ತಿ ಬಲಿಯೋದು ಸುಮಾರು 25ರ ಹೊತ್ತಿಗಂತೆ.

ಮಾವ: ನಮ್ಮ ಬಾರಿಗೆ ಬರ್ತಿದ್ದ ಕೆಲವರಿಗೆ 50 ಆದ್ರೂ ಬಲಿತಿರಲಿಲ್ಲ ಬಿಡು.

ಹುಡುಗಿ: ತಮಾಷೆ ಬೇಡ ಮಾವ. ನನ್ನ ತಲೆ ಕೆಡಿಸಿರೋದು ವಯಸ್ಸಲ್ಲ, ಅದನ್ನ ಬರೆದಿರೋ ರೀತಿ. ನಮ್ಮ ರಾಜ್ಯದ್ದೇ ತಗೊಳ್ಳಿ. 1965ರ ಅಬಕಾರಿ ಕಾಯ್ದೆ 18ರ ಕೆಳಗಿನವರಿಗೆ ಮಾರಬಾರದು ಅನ್ನುತ್ತೆ. ಅದೇ ಕಾಯ್ದೆ ಕೆಳಗೆ ಮಾಡಿದ 1967ರ ನಿಯಮ, ಲೈಸೆನ್ಸಿನ ಷರತ್ತುಗಳು ಇರ್ತಾವಲ್ಲ, ಅದು 21 ಅನ್ನುತ್ತೆ. ಅಮ್ಮ ಒಂದು ಹೇಳಿ ಮಗಳು ಇನ್ನೊಂದು ಹೇಳಿದ ಹಾಗೆ. ಈ ಗೊಂದಲ ತೆಗೀತೀವಿ ಅಂತ 2023ರ ಜನವರಿಯಲ್ಲಿ ಸರ್ಕಾರ ಒಂದು ಕರಡು ಹೊರಡಿಸ್ತು. ನಿಯಮದಲ್ಲಿರೋ 21 ಹೊಡೆದು 18 ಮಾಡ್ತೀವಿ, ಆಕ್ಷೇಪಣೆ ಇದ್ದವರು 30 ದಿನದೊಳಗೆ ಹೇಳಿ ಅಂತ. 30 ದಿನ ಕಾಯಲೇ ಇಲ್ಲ. ಜನ ಬೈದ್ರು, ಆ ತಿಂಗಳು ಮುಗಿಯೋದ್ರೊಳಗೆ ಕರಡು ವಾಪಸ್ ಹೋಯ್ತು.

ಮಾವ: ಎಲೆಕ್ಷನ್ ವರ್ಷ ಅಲ್ವಾ ಅದು. ಮೇ ತಿಂಗಳಲ್ಲಿ ಓಟಿತ್ತು. ಜನವರಿಯಲ್ಲಿ ಹೆಂಗಸರನ್ನ ಎದುರು ಹಾಕಿಕೊಳ್ಳೋ ಧೈರ್ಯ ಯಾವ ಪಕ್ಷಕ್ಕಿದೆ? ಆದ್ರೆ ಕರಡು ಮಾಡಿದವರ ಲೆಕ್ಕ ನನಗೆ ಗೊತ್ತು. 18ರಿಂದ 21ರ ಹುಡುಗರು ಕುಡೀತಾ ಇದ್ರು, ನಾವು ಕೊಡ್ತಾ ಇದ್ವಿ. ಕೊಟ್ಟಿದ್ದಕ್ಕೆ ಕಾಗದದ ಮೇಲೆ ಜಾಗ ಇರಲಿಲ್ಲ, ಅದನ್ನ ಮಾಡೋಕೆ ಹೊರಟಿದ್ರು.

ಹುಡುಗಿ: ಅದೇ ನನಗೂ ಅನ್ನಿಸಿದ್ದು. ವಿರೋಧಿಸಿದವರು ಮಕ್ಕಳು ಹಾಳಾಗ್ತಾರೆ ಅಂದ್ರು, ಪರವಾಗಿದ್ದವರು ಗೊಂದಲ ಹೋಗುತ್ತೆ ಅಂದ್ರು. 19 ವರ್ಷದವನು ಈಗ ಎಲ್ಲಿ ಕುಡೀತಿದ್ದಾನೆ, ಯಾರು ಕೊಡ್ತಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ.

ಮಾವ: ನನ್ನನ್ನ ಕೇಳಿದ್ರೆ ಹೇಳ್ತಿದ್ದೆ. ನಮ್ಮದು ಸಿಎಲ್-9, ಅಂದ್ರೆ ಕೂತು ಕುಡಿಯೋ ಬಾರು. ಪಕ್ಕದ್ದು ಸಿಎಲ್-2, ಸೀಲ್ ಬಾಟ್ಲಿ ತಗೊಂಡು ಹೋಗೋ ಅಂಗಡಿ. ಎರಡು ಕಡೆನೂ ವಯಸ್ಸು ಅಳೆಯೋ ಯಂತ್ರ ಒಂದೇ: ಮೀಸೆ. ಮೀಸೆ ಬಂದಿದೆಯಾ, ಕೊಡು. ಬಂದಿಲ್ವಾ, ದುಡ್ಡು ಹಿಡಿದ ಕೈ ನೋಡು. ಕೈ ನಡುಗ್ತಿದ್ರೆ ಹೊಸಬ, ಎಲ್ಲೋ ಹೊಳೆ ದಂಡೆಗೆ ತಗೊಂಡು ಹೋಗಿ ಕುಡೀತಾನೆ. ನಡುಗದೆ ಇದ್ರೆ ಹಳಬ.

ಹುಡುಗಿ: ಹುಡುಗಿ ಬಂದ್ರೆ?

ಮಾವ: ನಮ್ಮ ಕಡೆ ಹುಡುಗಿ ಎಲ್ಲಿ ಬರ್ತಾಳೆ? ವಯಸ್ಸಾದ ಹೆಂಗಸರು ಬರ್ತಿದ್ರು, ಹಿಂದಿನ ಬಾಗಿಲಿಗೆ. ಗಾರೆ ಕೆಲಸದವರು, ಮೈಕೈ ನೋವು ಅಂತ. ಸೆರಗಿನ ಗಂಟಿಂದ ದುಡ್ಡು ತೆಗೆಯೋರು. ಅವರಿಗೆ ಕೊಡೋಕೆ ನನಗೆ ಯಾವತ್ತೂ ಬೇಜಾರಾಗಿಲ್ಲ.

ಹುಡುಗಿ: ಬೆಂಗಳೂರಲ್ಲಿ ಬರ್ತಾರೆ ಮಾವ.

ಮಾವ: ಅಂದ್ರೆ?

ಹುಡುಗಿ: ಬೈಯಲ್ಲ ಅಂದಿದ್ದೀರಿ. ಗೆಳತಿ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಬಾಗಿಲಲ್ಲಿ ನಿಂತವನು ಆಧಾರ್ ತೋರಿಸಿ ಅಂದ. ನಮ್ಮ ಗುಂಪಲ್ಲಿ ಒಬ್ಬಳಿಗೆ 22 ಆಗಿತ್ತು. ಅವಳ ಮೊಬೈಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟ್ತು, ಒಂದೇ ಫೋಟೋ ಐದು ಸಲ ನೋಡಿ ಐದು ಜನರನ್ನ ಒಳಗೆ ಬಿಟ್ಟ. ಎಲ್ಲರ ಮಣಿಕಟ್ಟಿಗೂ ಕಾಗದದ ಪಟ್ಟಿ ಸುತ್ತಿದ. ಅವನಿಗೆ ಗೊತ್ತಿಲ್ಲ ಅಂತೀರಾ?

ಮಾವ: ಏನು ಕುಡಿದೆ?

ಹುಡುಗಿ: ಏನೋ ಹಸಿರು ಬಣ್ಣದ್ದು. ಟೂತ್‌ಪೇಸ್ಟ್ ಥರ ಇತ್ತು. ಅರ್ಧ ಬಿಟ್ಟೆ.

ಮಾವ: ಬಿಟ್ಟ ಅರ್ಧಕ್ಕೂ ದುಡ್ಡು ಕೊಟ್ಟಿರ್ತೀಯ. ಅದನ್ನ ನಿಮ್ಮಮ್ಮನಿಗೆ ಹೇಳಬೇಡ, ಕುಡಿದದ್ದಕ್ಕಿಂತ ಅದಕ್ಕೇ ಜಾಸ್ತಿ ಬೈತಾಳೆ.

ಹುಡುಗಿ: ನನ್ನ ಪ್ರಶ್ನೆ ಅಲ್ಲೇ ಇರೋದು. ಯಾರೂ ಪಾಲಿಸದ ನಿಯಮ ಯಾಕಿರಬೇಕು? 21 ಅಂತ ಬರೆದು 17ರವನಿಗೂ ಕೊಡೋ ಬದಲು, 18 ಅಂತ ಬರೆದು 18 ಅಂದ್ರೆ 18 ಅಂತ ಹಿಡೀಲಿ. ಮಹಾರಾಷ್ಟ್ರ ನೋಡಿ. ಅಲ್ಲಿ ವಿಸ್ಕಿ, ರಮ್ಮಿಗೆ 25. ದೇಶದಲ್ಲೇ ಬಿಗಿಯಾದ ವಯಸ್ಸು. 2024ರ ಮೇ 19ರ ನಸುಕಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗ ಓಡಿಸ್ತಿದ್ದ ಕಾರು ಬೈಕಿಗೆ ಗುದ್ದಿ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ರು. ಅದಕ್ಕೆ ಮುಂಚೆ ಬಾರಲ್ಲಿ ಕೂತು ಕುಡಿದಿದ್ದ ಅಂತ ಪೊಲೀಸರು ಹೇಳಿದ್ರು. ಮೊದಲು ಜಾಮೀನು ಕೊಟ್ಟಾಗ 300 ಪದದ ಪ್ರಬಂಧ ಬರಿ ಅಂದ್ರಲ್ಲ, ಅದೇ ಕೇಸು. 25 ಅನ್ನೋ ಬೋರ್ಡು ಅಲ್ಲಿ ಏನು ಮಾಡ್ತು?

ಮಾವ: ಬೋರ್ಡು ಯಾವತ್ತೂ ಏನೂ ಮಾಡಲ್ಲ. ನಮ್ಮ ಬಾರಲ್ಲೂ ಇತ್ತು, ‘21 ವರ್ಷದೊಳಗಿನವರಿಗೆ ಮದ್ಯ ಮಾರುವುದಿಲ್ಲ’ ಅಂತ. ಅದರ ಮೇಲೆ ಗಣಪತಿ ಫೋಟೋ, ಕೆಳಗೆ ‘ಇಂದು ನಗದು ನಾಳೆ ಉದ್ರಿ’. ಮೂರರಲ್ಲಿ ಜನ ಕೈಮುಗೀತಿದ್ದದ್ದು ಗಣಪತಿಗೆ ಒಂದಕ್ಕೆ.

ಹುಡುಗಿ: ಊರೂರಿಗೂ ಬೇರೆ ಬೇರೆ. ಗೋವಾದಲ್ಲಿ 18. ಕೇರಳದಲ್ಲಿ 21 ಇದ್ದದ್ದು 2017ರಲ್ಲಿ 23 ಆಯ್ತು. ಹರಿಯಾಣ 25ರಿಂದ 21ಕ್ಕೆ ಇಳಿಸಿದೆ. ಬಿಹಾರ, ಗುಜರಾತಲ್ಲಿ ನೂರು ವರ್ಷ ಆದ್ರೂ ಇಲ್ಲ. ಕಾರವಾರದ ಹುಡುಗ ಬೈಕ್ ಹತ್ತಿ ಮಾಜಾಳಿ ಚೆಕ್‌ಪೋಸ್ಟ್ ದಾಟಿದ್ರೆ ಮೂರು ವರ್ಷ ದೊಡ್ಡವನಾಗ್ತಾನೆ. ಮಂಗಳೂರಿಂದ ತಲಪಾಡಿ ದಾಟಿದ್ರೆ ಎರಡು ವರ್ಷ ಚಿಕ್ಕವನು. ಮೆದುಳಿನ ಬೆಳವಣಿಗೆಗೆ ರಾಜ್ಯದ ಗಡಿ ಹೇಗೆ ಗೊತ್ತಾಗುತ್ತೆ?

ಮಾವ: ಬೈಕ್ ಹತ್ತಿ ಅಂದೆಯಲ್ಲ, ಅಲ್ಲಿ ನಿಲ್ಲು. ಹೋಗುವಾಗ ಸರಿ. ವಾಪಸ್ ಬರಬೇಕಲ್ಲ, ಕುಡಿದು, ರಾತ್ರಿ?

ಹುಡುಗಿ: ನನ್ನ ಎದುರು ಪಕ್ಷದವರು ಅದನ್ನೇ ಹಿಡೀತಾರೆ. ಅಮೆರಿಕದ ಉದಾಹರಣೆ ಕೊಟ್ಟೇ ಕೊಡ್ತಾರೆ. ಅಲ್ಲಿ 1971ರಲ್ಲಿ ಓಟಿನ ವಯಸ್ಸು 18 ಆಯ್ತು. ವಿಯೆಟ್ನಾಂ ಯುದ್ಧದ ಕಾಲ. ಬಂದೂಕು ಹಿಡಿಯೋಕೆ 18 ಆದ್ರೆ ಬೀರ್ ಹಿಡಿಯೋಕೆ ಯಾಕಾಗಲ್ಲ ಅಂತ ಸುಮಾರು 30 ರಾಜ್ಯಗಳು ಕುಡಿಯೋ ವಯಸ್ಸನ್ನ ಇಳಿಸಿದ್ವು. ಪಕ್ಕದ ರಾಜ್ಯದ ಹುಡುಗರು ಗಡಿ ದಾಟಿ ಹೋಗಿ ಕುಡಿದು, ಕಾರಲ್ಲಿ ವಾಪಸ್ ಬರ್ತಾ ಸಾಯೋಕೆ ಶುರುವಾದ್ರು. ಮಕ್ಕಳನ್ನ ಕಳಕೊಂಡ ತಾಯಂದಿರು ಸಂಘ ಕಟ್ಟಿದ್ರು. 1984ರಲ್ಲಿ ರೇಗನ್ ಸಹಿ ಹಾಕಿದ ಕಾನೂನು ಬಂತು: ವಯಸ್ಸು 21 ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನ ಕಡಿತ. ದಕ್ಷಿಣ ಡಕೋಟ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. 21 ಮಾಡಿದ್ದರಿಂದ 30 ಸಾವಿರಕ್ಕೂ ಹೆಚ್ಚು ಜೀವ ಉಳೀತು ಅಂತ ಅಲ್ಲಿನ ಹೆದ್ದಾರಿ ಸುರಕ್ಷಾ ಇಲಾಖೆ ಅಂದಾಜು ಹಾಕಿದೆ.

ಮಾವ: ಮತ್ತೆ? ಸೋತ ಹಾಗೇ ಅಲ್ವಾ ನಿನ್ನ ವಾದ?

ಹುಡುಗಿ: ಪೂರ್ತಿ ಅಲ್ಲ. 2008ರಲ್ಲಿ ಅಲ್ಲಿನ ನೂರಕ್ಕೂ ಹೆಚ್ಚು ಕಾಲೇಜು ಅಧ್ಯಕ್ಷರು ಒಂದು ಹೇಳಿಕೆಗೆ ಸಹಿ ಹಾಕಿದ್ರು. 21ರಿಂದ ಕುಡಿಯೋದು ನಿಂತಿಲ್ಲ, ರೂಮಿನ ಬಾಗಿಲು ಹಾಕಿಕೊಂಡು ಒಂದೇ ಏಟಿಗೆ ಗಟಗಟ ಕುಡಿಯೋದು ಬೆಳೆದಿದೆ, ಇದನ್ನ ಮತ್ತೆ ಚರ್ಚೆ ಮಾಡೋಣ ಅಂತ. ಅದೇನೂ ಆಗಲಿಲ್ಲ. ಆದ್ರೆ ರೂಮಿನ ಬಾಗಿಲು ಹಾಕಿಕೊಳ್ಳೋದು ನಮ್ಮ ಪಿ.ಜಿ.ಯಲ್ಲೂ ಇದೆ.

ಮಾವ: ನಿನಗೆ ಒಂದು ಹೇಳ್ಲಾ? ನ್ಯೂಜೆರ್ಸಿಯಲ್ಲಿರೋ ನಿಮ್ಮ ದೊಡ್ಡಪ್ಪನ ಮಗ ಬಂದಿದ್ದಾಗ ಹೇಳ್ದ. ಅಲ್ಲಿ 21 ಆಗದವರ ಡ್ರೈವಿಂಗ್ ಲೈಸೆನ್ಸು ಉದ್ದಕ್ಕೆ ನಿಂತ ಹಾಗಿರುತ್ತಂತೆ, ಆದವರದ್ದು ಅಡ್ಡಕ್ಕೆ. ಅಂಗಡಿಯವನು ಓದಬೇಕಾಗೇ ಇಲ್ಲ, ಆಕಾರ ನೋಡಿದ್ರೆ ಸಾಕು. ಅವನಿಗೆ ತಲೆ ಅರ್ಧ ಬೋಳಾಗಿದೆ, ಆದ್ರೂ ಕಾರ್ಡ್ ತೋರಿಸು ಅಂದ್ರಂತೆ. ನನಗೆ ಆವತ್ತು ನಿಜ ಹೇಳ್ತೀನಿ, ಹೊಟ್ಟೆ ಉರೀತು. ಆ ಅಂಗಡಿಯವನು ಒಳ್ಳೆಯವನು ಅಂತಲ್ಲ. ಕೇಳದೆ ಕೊಟ್ರೆ ಲೈಸೆನ್ಸ್ ಹೋಗುತ್ತೆ ಅನ್ನೋ ಹೆದರಿಕೆ ಅವನಿಗಿದೆ. ನನಗೆ ಯಾವ ಹೆದರಿಕೆ ಇತ್ತು? ಟೈಮ್ ಮೀರಿ ಬಾಗಿಲು ತೆಗೆದ್ರೆ ಹೆದರಿಕೆ. ಸ್ಟಾಕ್ ಪುಸ್ತಕ ತಾಳೆ ಆಗದಿದ್ರೆ ಹೆದರಿಕೆ. ಜುಲೈ 1ಕ್ಕೆ ಲೈಸೆನ್ಸ್ ರಿನ್ಯೂವಲ್ ಆಗದಿದ್ರೆ ಮಾಲೀಕನಿಗೆ ಜ್ವರ. ಹುಡುಗನಿಗೆ ಕೊಟ್ಟೆ ಅಂತ ಒಂದು ರಾತ್ರಿನೂ ನಿದ್ದೆ ಕೆಟ್ಟಿಲ್ಲ. ಅಂದ್ರೆ, ಒಂದು ರಾತ್ರಿ ಬಿಟ್ಟು.

ಹುಡುಗಿ: ಯಾವ ರಾತ್ರಿ?

ಮಾವ: ಇರು, ಹೇಳ್ತೀನಿ. ಮೊದಲು ದುಡ್ಡಿನ ಮಾತು ಆಡು. ನಿನ್ನ ಚರ್ಚೆಯಲ್ಲಿ ದುಡ್ಡು ಇಲ್ವಾ?

ಹುಡುಗಿ: ಇದೆ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟಿದ್ರು. ಅದರ ಹಿಂದಿನ ವರ್ಷ 38,525 ಕೋಟಿ. ಸಂವಿಧಾನದ 47ನೇ ವಿಧಿ, ಪಾನನಿಷೇಧ ತರೋಕೆ ಸರ್ಕಾರ ಪ್ರಯತ್ನ ಮಾಡಬೇಕು ಅನ್ನುತ್ತೆ. ಬಜೆಟ್, ಇನ್ನೂ ಜಾಸ್ತಿ ಮಾರಬೇಕು ಅನ್ನುತ್ತೆ. ಒಂದೇ ವಿಧಾನಸೌಧ.

ಮಾವ: ನಾನು ಹೇಳೋದು ಬೇರೆ ದುಡ್ಡು. 2007ರ ಜುಲೈ 1. ಸಾರಾಯಿ ನಿಂತ ದಿನ. ಪ್ಯಾಕೆಟ್ ಸಾರಾಯಿ ಕುಡೀತಿದ್ದವರು ಕೂಲಿಯವರು, ಗಾಡಿ ಹೊಡೆಯೋರು. ಅವರು ನಮ್ಮ ಬಾರಿನ ಮೆಟ್ಟಿಲು ಹತ್ತಿದವರಲ್ಲ. ಹೆಂಗಸರು ಊರಲ್ಲಿ ಸಿಹಿ ಹಂಚಿದ್ರು, ನಿಮ್ಮಜ್ಜಿನೂ ಸಕ್ಕರೆ ತಿಂದಳು. ನಮ್ಮ ಮಾಲೀಕ ಏನು ಮಾಡ್ದ ಗೊತ್ತಾ? ಕೌಂಟರ್ ಪಕ್ಕ ಗೋಡೆ ಒಡೆಸಿ, ನಿಂತು ಕುಡಿಯೋಕೆ ಒಂದು ಕಡಪಾ ಕಲ್ಲು ಹಾಕ್ಸಿದ. ವಾರದಲ್ಲಿ ಅವರೆಲ್ಲ ಬಂದ್ರು. ನೈಂಟಿ ಕೇಳೋದು ಕಲಿತ್ರು. ಮೊದಲು ಕಮ್ಮಿ ದುಡ್ಡಲ್ಲಿ ಹಾಳಾಗ್ತಿದ್ದವರು ಜಾಸ್ತಿ ದುಡ್ಡಲ್ಲಿ ಹಾಳಾದ್ರು, ಅಷ್ಟೇ. ಸರ್ಕಾರಕ್ಕೆ ನಷ್ಟ ಆಗಲಿಲ್ಲ. ಆಮೇಲೆ ಟೆಟ್ರಾ ಪ್ಯಾಕ್ ಬಂತು. ಒಡೆಯಲ್ಲ, ಸದ್ದಾಗಲ್ಲ, ಜೇಬಲ್ಲಿ ಹಿಡಿಸುತ್ತೆ, ಜ್ಯೂಸ್ ಥರ ಕಾಣುತ್ತೆ. ಕೇಸುಗಟ್ಟಲೆ ಹಳ್ಳಿಗೆ ಹೋಗ್ತಿತ್ತು. ಎಲ್ಲಿಗೆ, ಯಾರಿಗೆ ಅಂತ ನಾನು ಕೇಳಲಿಲ್ಲ, ಪಕ್ಕದ ಅಂಗಡಿಯವನು ಹೇಳಲಿಲ್ಲ.

ಹುಡುಗಿ: ಹೆಂಗಸರ ಮಾತು ಬಂತಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡೇ ಬಂದ್ರು, ಮದ್ಯ ನಿಲ್ಲಿಸಿ ಅಂತ. ಅವರ ಬೇಡಿಕೆಯಲ್ಲಿ ವಯಸ್ಸಿನ ಮಾತೇ ಇರಲಿಲ್ಲ. ಪೂರ್ತಿ ನಿಲ್ಲಿಸಿ ಅಂದ್ರು. ಅವರ ಮುಂದೆ ನಿಂತು ‘18ಕ್ಕೆ ನಮ್ಮ ಸ್ವಾತಂತ್ರ್ಯ’ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಚರ್ಚಾ ಸ್ಪರ್ಧೆಯ ಹಾಲ್‌ನಲ್ಲಾದ್ರೆ ಬರುತ್ತೆ.

ಮಾವ: ಅದು ಸರಿಯಾದ ಮಾತು. ಆದ್ರೆ ಅವರದ್ದೂ ಪೂರ್ತಿ ಸರಿ ಅಂತ ನಾನು ಹೇಳಲ್ಲ. ಕೊಡಗಿನವನೊಬ್ಬ ನಮ್ಮಲ್ಲಿ ಸಪ್ಲೈಯರ್ ಇದ್ದ. ಅವರ ಮನೆಯಲ್ಲಿ ಹಿರೀಕರಿಗೆ ಎಡೆ ಇಡುವಾಗ ಮದ್ಯ ಇಡ್ತಾರೆ. ಹಬ್ಬಕ್ಕೆ ಹೆಂಗಸರು, ಗಂಡಸರು ಒಟ್ಟಿಗೆ ಕೂತು ಒಂದು ಲೋಟ ಕುಡಿದು ಊಟ ಮಾಡ್ತಾರೆ. ಅವನು ನಮ್ಮ ಬಾರಿನ ಗಿರಾಕಿಗಳನ್ನ ನೋಡಿ ಹೇಳ್ತಿದ್ದ, ‘ಅಣ್ಣಾ, ಇವರು ಕುಡಿಯೋಕೆ ಬರಲ್ಲ, ಬೀಳೋಕೆ ಬರ್ತಾರೆ’ ಅಂತ. ನಮ್ಮ ಕಡೆ ಕುಡಿತ ಅಂದ್ರೆ ಕಳ್ಳತನ. ನನ್ನನ್ನೇ ನೋಡು.

ಹುಡುಗಿ: ನಾನು ಹೇಳಬೇಕು ಅಂತಿದ್ದೆ.

ಮಾವ: ಹೇಳು ಹೇಳು.

ಹುಡುಗಿ: ದಿನಾ ಏಳೂವರೆಗೆ ಸ್ಟೀಲ್ ಲೋಟ. ಗಾಜಿನದ್ದಲ್ಲ, ಸ್ಟೀಲು. ಒಳಗಿರೋದು ಕಾಣಬಾರದು. ಅತ್ತೆ ಅದಕ್ಕೆ ‘ಮಾವನ ಔಷಧಿ’ ಅಂತಾರೆ. ನಾನು ಆರನೇ ಕ್ಲಾಸಲ್ಲೇ ವಾಸನೆ ಕಂಡುಹಿಡಿದಿದ್ದೆ. ತಮ್ಮನಿಗೂ ಗೊತ್ತು. ಎಲ್ಲರಿಗೂ ಗೊತ್ತಿರೋದನ್ನ ಯಾರೂ ಆಡಲ್ಲ. ನಿಮ್ಮ ಲೋಟವನ್ನ ಮೇಜಿನ ಮೇಲೆ ಗಾಜಿನಲ್ಲಿ ಇಟ್ಟಿದ್ರೆ, ನಾನು ಆ ಹಸಿರು ಟೂತ್‌ಪೇಸ್ಟನ್ನ ಅಷ್ಟು ಆಸೆಯಿಂದ ಕುಡೀತಿರಲಿಲ್ಲವೇನೋ.

ಮಾವ: ಗಾಜಿನಲ್ಲಿ ಇಟ್ಟಿದ್ರೆ ಬೇಗ ಶುರು ಮಾಡ್ತಿದ್ದೆಯೋ ಏನೋ. ಯಾರಿಗೆ ಗೊತ್ತು?

ಹುಡುಗಿ: ಜರ್ಮನಿಯಲ್ಲಿ 16ಕ್ಕೆ ಬಿಯರು, ವೈನು. 18ಕ್ಕೆ ಮಿಕ್ಕಿದ್ದು. ಅಪ್ಪ ಅಮ್ಮ ಪಕ್ಕದಲ್ಲಿದ್ರೆ 14ಕ್ಕೇ ಬಿಯರ್ ಕೊಡಬಹುದು. ಮೊದಲು ಮನೆಯಲ್ಲಿ, ಕಡಿಮೆ ಅಮಲಿನದ್ದು, ಆಮೇಲೆ ಮಿಕ್ಕಿದ್ದು. ಮೆಟ್ಟಿಲು ಮೆಟ್ಟಿಲಾಗಿ. ನಮ್ಮಲ್ಲಿ ಮೆಟ್ಟಿಲೇ ಇಲ್ಲ, ಒಂದು ಗೋಡೆ, ಆ ಗೋಡೆಯಲ್ಲಿ ಒಂದು ತೂತು.

ಮಾವ: ಅಲ್ಲಿ ಬೀರಿಂದ ಶುರು ಮಾಡ್ತಾರೆ. ಇಲ್ಲಿ ಹುಡುಗರ ಜೇಬಲ್ಲಿರೋ ದುಡ್ಡಿಗೆ ಬೀರ್ ಬರಲ್ಲ ಕಣೇ. ಅದೇ ದುಡ್ಡಿಗೆ ಕಡಿಮೆ ದರದ ವಿಸ್ಕಿ ನೈಂಟಿ ಬರುತ್ತೆ, ಬೇಗ ಏರುತ್ತೆ. ಜರ್ಮನಿ ಮೆಟ್ಟಿಲು ತಂದು ಇಲ್ಲಿ ಹಾಕಿದ್ರೆ ಮೊದಲ ಮೆಟ್ಟಿಲೇ ಮೂರನೇದು ಆಗಿರುತ್ತೆ.

ಹುಡುಗಿ: ಅದು ತೆರಿಗೆಯ ತಪ್ಪು. ವಯಸ್ಸಿಂದಲ್ಲ.

ಮಾವ: ಕುಡಿಯೋನ ಹೊಟ್ಟೆಗೆ ಎರಡೂ ಒಂದೇ.

ಹುಡುಗಿ: ಇನ್ನೊಂದು ವಿಚಿತ್ರ ಕೇಳಿ. 2023ರಲ್ಲಿ ಮದ್ಯಕ್ಕೆ 21ರಿಂದ 18 ಅಂದ ಇದೇ ರಾಜ್ಯ, ಸಿಗರೇಟಿಗೆ 18 ಇದ್ದದ್ದನ್ನ 21ಕ್ಕೆ ಏರಿಸ್ತು. 2024ರಲ್ಲಿ ಮಸೂದೆ ಪಾಸಾಗಿ 2025ರಲ್ಲಿ ಜಾರಿಯಾಯ್ತು. ಸರ್ಕಾರ ಬದಲಾಗಿತ್ತು, ಹೌದು. ಆದ್ರೆ ಮದ್ಯದಿಂದ ನೇರವಾಗಿ ರಾಜ್ಯದ ಬೊಕ್ಕಸಕ್ಕೆ ಬರೋ ಹಾಗೆ ಸಿಗರೇಟಿಂದ ಬರಲ್ಲ ಅನ್ನೋದನ್ನೂ ನಾನು ನೋಟ್ಸಲ್ಲಿ ಬರ್ಕೊಂಡಿದ್ದೀನಿ.

ಮಾವ: ಬರ್ಕೋ. ಅದರ ಪಕ್ಕ ಇದನ್ನೂ ಬರ್ಕೋ: ನಾನು ಬಾರಿಗೆ ಗ್ಲಾಸು ತೊಳೆಯೋಕೆ ಸೇರಿದಾಗ ನನಗೆ 17.

ಹುಡುಗಿ: ನಿಮ್ಮನ್ನ ಯಾರೂ ಕೇಳಲಿಲ್ವಾ?

ಮಾವ: ಕುಡಿಯೋರ ವಯಸ್ಸನ್ನೇ ಕೇಳದವರು ತೊಳೆಯೋನ ವಯಸ್ಸು ಕೇಳ್ತಾರಾ?

ಹುಡುಗಿ: ಅದರ ಮೇಲೂ ಒಂದು ತೀರ್ಪಿದೆ ಮಾವ, 2007ರದ್ದು, ಅನುಜ್ ಗರ್ಗ್ ಪ್ರಕರಣ. ಪಂಜಾಬಿನ 1914ರ ಕಾಯ್ದೆಯಲ್ಲಿ ಮದ್ಯ ಕುಡಿಯೋ ಜಾಗದಲ್ಲಿ 25ರ ಕೆಳಗಿನ ಗಂಡಸರು, ಯಾವ ವಯಸ್ಸಿನ ಹೆಂಗಸರೂ ಕೆಲಸ ಮಾಡಬಾರದು ಅಂತಿತ್ತು. ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ 22ಕ್ಕೆ ಹೊರಗೆ ಬರೋ ಹುಡುಗರು ಎಲ್ಲಿಗೆ ಹೋಗಬೇಕು? ಕಾಪಾಡ್ತೀವಿ ಅನ್ನೋ ಹೆಸರಲ್ಲಿ ಕಟ್ಟಿ ಹಾಕಬಾರದು ಅನ್ನೋದು ಅದರ ಸಾರ. ಇದು ನನ್ನ ತುರುಪಿನ ಎಲೆ.

ಮಾವ: ಒಳ್ಳೇ ಎಲೆ. ಕೆಲಸಕ್ಕೆ ಹೊಂದುತ್ತೆ. ಕುಡಿಯೋಕೆ ಹೊಂದುತ್ತೋ ಇಲ್ವೋ ಜಡ್ಜ್ ಹೇಳಲಿ.

ಹುಡುಗಿ: ಆ ರಾತ್ರಿ ಬಗ್ಗೆ ಹೇಳ್ತೀನಿ ಅಂದ್ರಿ.

ಮಾವ: ಹೂಂ. (ಸ್ವಲ್ಪ ಹೊತ್ತು ಸುಮ್ಮನಿದ್ದು) 2011. ಆಗ ನಮ್ಮ ಬಾರಲ್ಲಿ ಕೌಂಟರ್ ಸೇಲೂ ಇತ್ತು. ಒಬ್ಬ ಹುಡುಗ ಬರ್ತಿದ್ದ, ಏಳನೆಯದೋ ಎಂಟನೆಯದೋ. ಸ್ಕೂಲ್ ಬಿಟ್ಟು ಸೀದಾ ಬರೋನು, ಬೆನ್ನಿಗೆ ಬ್ಯಾಗು. ಅಪ್ಪ ದುಡ್ಡು ಕೊಟ್ಟು ಕಳಿಸ್ತಿದ್ದ, ಒಂದು ಕ್ವಾರ್ಟರು. ನಾನೇ ಪೇಪರ್ ಸುತ್ತಿ, ಬ್ಯಾಗಿನ ಜಿಪ್ ತೆಗೆದು, ನೋಟ್ ಬುಕ್ ನಡುವೆ ಇಡ್ತಿದ್ದೆ. ಬಿದ್ದು ಒಡೆದ್ರೆ ಪಾಪ ಹುಡುಗ ಏಟು ತಿಂತಾನೆ ಅಂತ. ಹುಷಾರಾಗಿ ಹೋಗು ಅಂತ ಹೇಳ್ತಿದ್ದೆ. ಒಳ್ಳೆಯವನು ಅಂದ್ಕೊಂಡಿದ್ದೆ ನನ್ನನ್ನ ನಾನು.

ಹುಡುಗಿ: ಅಪ್ಪನಿಗೆ ತಾನೆ.

ಮಾವ: ಅಪ್ಪನಿಗೆ. ಅಪ್ಪ ಆ ಬೇಸಿಗೆಯಲ್ಲಿ ತೀರಿಕೊಂಡ. ಲಿವರ್. ಮಣ್ಣಿಗೆ ನಾನೂ ಹೋಗಿದ್ದೆ, ಗಿರಾಕಿಯಲ್ವಾ. ಮೂರು ತಿಂಗಳಾಗಿತ್ತು, ಒಂದು ಶನಿವಾರ ಸಂಜೆ, ಬಾರು ತುಂಬಿತ್ತು, ಕೌಂಟರಲ್ಲಿ ಕೈ ಮೇಲೆ ಕೈ. ಅದರ ಮಧ್ಯ ಒಂದು ಸಣ್ಣ ಕೈ. ಅದೇ ಬ್ಯಾಗು. ‘ಒಂದು ಕ್ವಾರ್ಟರ್’ ಅಂದ. ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡ್ದ. ‘ಅಪ್ಪಂಗೆ’ ಅಂದ.

ಹುಡುಗಿ: ಮಾವ.

ಮಾವ: ಕೊಟ್ಟೆ. ಹಿಂದೆ ಜನ ಕೂಗ್ತಿದ್ರು. ಕೈ ತಾನಾಗಿ ಪೇಪರ್ ಸುತ್ತಿತು. ಜಿಪ್ ತೆಗೆದು ಇಟ್ಟೆ. ಚಿಲ್ಲರೆ ಎಣಿಸಿ ಕೊಟ್ಟೆ. ‘ಹುಷಾರಾಗಿ ಹೋಗು’ ಅಂತನೂ ಅಂದೆ.

ಹುಡುಗಿ: ಆಮೇಲೆ?

ಮಾವ: ಆಮೇಲೆ ಏನಿಲ್ಲ. ಅವನು ಮತ್ತೆ ನಮ್ಮ ಕೌಂಟರಿಗೆ ಬರಲಿಲ್ಲ. ಬೇರೆ ಕಡೆ ಹೋಗಿರಬಹುದು, ಇಲ್ಲ ಹೋಗದೇ ಇರಬಹುದು. ಅವತ್ತು ಕೊಂಡದ್ದನ್ನ ಅವನೇ ಕುಡಿದನೋ, ಅಪ್ಪನ ಸಮಾಧಿ ಮೇಲೆ ಸುರಿದನೋ, ಅದೂ ನನಗೆ ಗೊತ್ತಿಲ್ಲ. ಕಾನೂನಲ್ಲಿ ಅದಕ್ಕೆ ಏನಿದೆ, ನೀನು ಓದ್ತೀಯಲ್ಲ?

ಹುಡುಗಿ: ಈಗ 2015ರ ಬಾಲನ್ಯಾಯ ಕಾಯ್ದೆ ಇದೆ. 18ರೊಳಗಿನವರಿಗೆ ಮದ್ಯ ಕೊಟ್ರೆ 7 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದ್ರೆ ನೀವು ಹೇಳ್ತಿರೋದು 2011. ಆಗ ಹಳೇ ಕಾಯ್ದೆ ಇತ್ತು, 2000ದ್ದು. ಅದರಲ್ಲಿ 3 ವರ್ಷದವರೆಗೆ.

ಮಾವ: ಮೂರೇ ವರ್ಷಾನಾ?

ಹುಡುಗಿ: (ಉತ್ತರಿಸುವುದಿಲ್ಲ)

ಮಾವ: ಅದಕ್ಕೇ ಹೇಳಿದ್ದು. 18 ಮಾಡು, 21 ಮಾಡು, ನಿನ್ನ ಗೋವಾ, ಕೇರಳ ಏನಾದ್ರೂ ಮಾಡು. ಗಲ್ಲಾ ಮೇಲೆ ಕೂತವನಿಗೆ ಆ ಶನಿವಾರ ಸಂಜೆ ಹುಡುಗನ ಮುಖ ನೋಡೋಕೆ ಪುರುಸೊತ್ತು ಕೊಡೋ ಕಾನೂನು ಯಾವುದು? ಅದನ್ನ ನಿನ್ನ ಚರ್ಚೆಯಲ್ಲಿ ಕೇಳು.

ಹುಡುಗಿ: ಕೇಳ್ತೀನಿ. ಆದ್ರೆ ನಾನು ‘ಇಳಿಸಬೇಕು’ ಪಕ್ಷದಲ್ಲೇ ನಿಂತು ಕೇಳ್ತೀನಿ ಮಾವ. 18 ಅಂತ ಒಂದೇ ಗೆರೆ ಎಳೀರಿ, ಕಾಯ್ದೆಗೂ ನಿಯಮಕ್ಕೂ ಒಂದೇ. ಆದ್ರೆ ಗೆರೆಯ ಈಚೆ ಇರೋ ಆ ಹುಡುಗನಿಗೆ ಕೊಟ್ಟವನ ಲೈಸೆನ್ಸು ಅವತ್ತೇ ಹೋಗಬೇಕು. 19ರವರನ್ನ ಹಿಡೀತೀವಿ ಅಂತ ನಾಟಕ ಮಾಡ್ತಾ, 13ರವನನ್ನ ಯಾರೂ ನೋಡ್ತಿಲ್ಲ.

ಮಾವ: ಸೋಲ್ತೀಯ.

ಹುಡುಗಿ: ಯಾಕೆ?

ಮಾವ: ಎದುರಿನವರು ಎದ್ದು ನಿಂತು, 21 ಇದ್ದಾಗಲೇ 13ರವನಿಗೆ ಸಿಗ್ತಿದೆ, 18 ಮಾಡಿದ್ರೆ 10ರವನಿಗೆ ಸಿಗುತ್ತೆ ಅಂತಾರೆ. ಚಪ್ಪಾಳೆ ಬೀಳುತ್ತೆ. ನಾನಿದ್ರೂ ಹೊಡೀತೀನಿ.

ಹುಡುಗಿ: ನೀವು ಯಾವ ಪಕ್ಷ?

ಮಾವ: ನಾನು 21ರ ಪಕ್ಷ. ಮೂರು ವರ್ಷ ತಡ ಆದ್ರೆ ಅಷ್ಟೇ ಲಾಭ. ಕಾರಣ ಕೇಳಬೇಡ, 38 ವರ್ಷ ಮಾರಿದವನಿಗೆ ಕಾರಣ ಹೇಳೋ ಯೋಗ್ಯತೆ ಇಲ್ಲ. ಅದಿರಲಿ, ದೇಶದಲ್ಲಿ ಎಷ್ಟು ಜನ ಕುಡೀತಾರೆ, ಲೆಕ್ಕ ಇದೆಯಾ?

ಹುಡುಗಿ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಲ್ಲಿ, 15 ದಾಟಿದ ಗಂಡಸರಲ್ಲಿ 100ಕ್ಕೆ 19. ಹೆಂಗಸರಲ್ಲಿ 100ಕ್ಕೆ ಒಬ್ಬರು.

ಮಾವ: ಹತ್ತೊಂಬತ್ತೇನಾ? ಗಲ್ಲಾದಿಂದ ನೋಡಿದ್ರೆ ಇಡೀ ಊರೇ ಕುಡೀತಿದೆ ಅನ್ನಿಸ್ತಿತ್ತು. ಮಿಕ್ಕಿದ 81 ಜನ ನಮ್ಮ ಬಾಗಿಲ ಮುಂದೆನೇ ಹಾದು ಹೋಗ್ತಿದ್ರು, ನಾನೇ ನೋಡಲಿಲ್ಲ.

(ಕರೆಂಟು ಬರುತ್ತದೆ. ಗೇಟಿನ ಸದ್ದು. ತಮ್ಮ ಒಳಗೆ ಬರುತ್ತಾನೆ, ಕೈಯಲ್ಲಿ ಎರಡು ಸೋಡಾ ಬಾಟ್ಲಿ, ಪ್ಯಾಂಟು ಮೊಣಕಾಲವರೆಗೆ ಒದ್ದೆ.)

ಹುಡುಗಿ: ಇಷ್ಟೊತ್ತು ಎಲ್ಲೋ ಹೋಗಿದ್ದೆ? ಸೋಡಾ ತರೋಕೆ ಅರ್ಧ ಗಂಟೆನಾ?

ತಮ್ಮ: ಕರೆಂಟ್ ಇರ್ಲಿಲ್ಲ, ಅಂಗಡಿಯಲ್ಲಿ ಕತ್ತಲೆ. ಅಂಕಲ್ ಟಾರ್ಚ್ ಹುಡುಕ್ತಿದ್ರು. ತಗೊಳ್ಳಿ ಮಾವ, ಚಿಲ್ಲರೆ.

ಮಾವ: ಇಡು ಅಲ್ಲಿ.

ತಮ್ಮ: ಮಾವ, ಆ ಅಂಕಲ್ ಕೇಳಿದ್ರು, ‘ಬರೀ ಸೋಡಾನಾ, ಒಳಗಿಂದ ಅದೂ ಒಂದು ಕೊಡ್ಲಾ?’ ಅಂತ.